‘ಪರವಾಗಿಲ್ಲ’ ಅನ್ನಬೇಡಿ: ಮಸಾಜ್ ಮಾಡುವವರಿಗೆ ಬೇಕು-ಬೇಡ ಹೇಳುವುದು ಹೇಗೆ?

ಪ್ರಶ್ನೆ: ನನಗೆ 43 ವರ್ಷ. ವಿರಾಜಪೇಟೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ರೋಬಸ್ಟಾ ಕೊಯ್ಲು ಮುಗಿದ ಮೇಲೆ ಬಲಭುಜ ಮತ್ತು ಕುತ್ತಿಗೆ ನೋವು ಶುರುವಾಯಿತು. ಒಂದು ಆಯುರ್ವೇದ ಕೇಂದ್ರಕ್ಕೆ ಹೋಗಿ ಎಣ್ಣೆ ಮಸಾಜ್ ಮಾಡಿಸಿಕೊಂಡೆ. ಮಾಡಿದವರು ಕೇರಳದ ಹೆಂಗಸು, ತುಂಬಾ ಒಳ್ಳೆಯವರು. ಆದರೆ ವಿಪರೀತ ಜೋರಾಗಿ ಒತ್ತಿದರು. ಕೈ ತೊಡೆಯ ಮೇಲ್ಭಾಗದವರೆಗೆ ಬಂದಾಗ ಮುಜುಗರವಾಯಿತು. ಮಧ್ಯೆ ‘ಪ್ರೆಶರ್ ಸಾಕಾ’ ಅಂತ ಕೇಳಿದರು, ನಾನು ‘ಪರವಾಗಿಲ್ಲ’ ಅಂದುಬಿಟ್ಟೆ. ಆಮೇಲೆ ಎರಡು ದಿನ ಕೈ ಎತ್ತಲು ಆಗಲಿಲ್ಲ. ಈಗ ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) 7 ದಿನದ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದಿದ್ದಾರೆ. ಅವರ ಮನಸ್ಸಿಗೆ ಬೇಸರವಾಗದ ಹಾಗೆ ಹೇಗೆ ಹೇಳಲಿ? ಹೇಳಿದ ಮೇಲೆ ಅವರು ಮನಸ್ಸಿಟ್ಟು ಮಾಡದೇ ಹೋದರೆ?

ಉತ್ತರ: ಮೊದಲು ಆ ‘ಪರವಾಗಿಲ್ಲ’ವನ್ನೇ ನೋಡೋಣ, ತೊಂದರೆಯ ಬೇರು ಅಲ್ಲಿದೆ. ಊಟಕ್ಕೆ ಕೂತಾಗ ‘ಇನ್ನೊಂದು ಕಡುಬು ಹಾಕಲಾ’ ಅಂದರೆ ‘ಪರವಾಗಿಲ್ಲ’ ಅನ್ನುತ್ತೇವೆ, ಯಾರೋ ಕಾಲು ತುಳಿದರೂ ‘ಪರವಾಗಿಲ್ಲ’ ಅನ್ನುತ್ತೇವೆ. ಒಂದೇ ಮಾತಿಗೆ ‘ಚೆನ್ನಾಗಿದೆ’, ‘ಸಾಕು’, ‘ನೋಯುತ್ತಿದೆ, ಆದರೂ ಸಹಿಸಿಕೊಳ್ಳುತ್ತೇನೆ’ ಎಂಬ ಮೂರು ಅರ್ಥಗಳೂ ಇವೆ. ನಮ್ಮ ನಮ್ಮಲ್ಲಿ ಮುಖ ನೋಡಿ ಯಾವ ಅರ್ಥವೆಂದು ತಿಳಿದುಕೊಳ್ಳುತ್ತೇವೆ. ನೀವು ಬೋರಲು ಮಲಗಿದ್ದಾಗ ಥೆರಪಿಸ್ಟ್‌ಗೆ ನಿಮ್ಮ ಮುಖವೇ ಕಾಣುವುದಿಲ್ಲ. ಅದರ ಮೇಲೆ ಅವರ ಮನೆಮಾತು ಕನ್ನಡವಲ್ಲ. ಅವರು ‘ಸರಿ ಇದೆ’ ಎಂದು ತಿಳಿದು ಮುಂದುವರಿಸಿದ್ದಾರೆ. ತಪ್ಪು ನಿಮ್ಮದೂ ಅಲ್ಲ, ಬಹುಶಃ ಅವರದೂ ಅಲ್ಲ. ಆದರೆ ಮಸಾಜ್ ಮೇಜಿನ ಮೇಲೆ ಈ ಒಂದು ಪದವನ್ನು ಬಿಟ್ಟುಬಿಡಿ. ಅದರ ಬದಲು ನಾಲ್ಕು ಪದ ಇಟ್ಟುಕೊಳ್ಳಿ: ‘ಕಮ್ಮಿ’, ‘ಜಾಸ್ತಿ’, ‘ಇಲ್ಲಿ ಬೇಡ’, ‘ನಿಲ್ಸಿ’. ನಾಲ್ಕಕ್ಕೂ ಒಂದೊಂದೇ ಅರ್ಥ.

ಇನ್ನೊಂದು ಮಾತು, ಇದು ಚಿಕಿತ್ಸೆಗೆ ಸಂಬಂಧಿಸಿದ್ದು. ಎರಡು ದಿನ ಕೈ ಎತ್ತಲಾಗಲಿಲ್ಲ ಎಂದಿದ್ದೀರಿ. ಎಣ್ಣೆ ಹಾಕಿಸಿಕೊಂಡ ಮರುದಿನ ಮೈಕೈ ಸ್ವಲ್ಪ ಹಿಡಿದುಕೊಂಡಂತೆ ಇರುವುದು ಸಹಜ, 24ರಿಂದ 48 ಗಂಟೆಯಲ್ಲಿ ಹೋಗುತ್ತದೆ. ಆದರೆ ಈಗಲೂ ಬೆನ್ನಿನ ಹಿಂದೆ ಕೈ ಹಾಕಿ ರವಿಕೆಯ ಹುಕ್ ಹಾಕಿಕೊಳ್ಳಲು ಆಗದಿದ್ದರೆ, ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತಿದ್ದರೆ, ಅಥವಾ ಕೈಯಲ್ಲಿ ಶಕ್ತಿಯೇ ಇಲ್ಲ ಅನ್ನಿಸಿದರೆ, 7 ದಿನದ ಚಿಕಿತ್ಸೆಗೆ ಹಣ ಕಟ್ಟುವ ಮೊದಲು ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ. 40ರಿಂದ 60ರ ನಡುವೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಭುಜದ ಕೀಲು ಗಡುಸಾಗುವ ಫ್ರೋಜನ್ ಶೋಲ್ಡರ್ ಹೆಚ್ಚು. ಅದರ ನೋವಿನ ಹಂತದಲ್ಲಿ ಬಲವಾಗಿ ಒತ್ತಿ ತಿರುಗಿಸಿದರೆ ನೋವು ಇಳಿಯುವುದಿಲ್ಲ, ಏರುತ್ತದೆ. ಹೀಗಿದೆಯೋ ಇಲ್ಲವೋ ಎಂದು ಗೊತ್ತಿದ್ದರೆ ಥೆರಪಿಸ್ಟ್‌ಗೆ ಹೇಳುವ ಮಾತೂ ಖಚಿತವಾಗಿರುತ್ತದೆ.

ಈಗ ತೊಡೆಯ ವಿಷಯ. ಅದು ಯಾಕೆ ಹಾಗಾಯಿತು ಎಂದು ಗೊತ್ತಾದರೆ ಹೇಳುವುದು ಅರ್ಧ ಸುಲಭವಾಗುತ್ತದೆ. ಅಭ್ಯಂಗಕ್ಕೆ ಒಂದು ಸಾಂಪ್ರದಾಯಿಕ ಕ್ರಮವಿದೆ, ಏಳು ಭಂಗಿ: ಮೊದಲು ಕೂರಿಸಿ ತಲೆ-ಭುಜ, ಆಮೇಲೆ ಅಂಗಾತ, ಬಲಮಗ್ಗುಲು, ಬೋರಲು, ಎಡಮಗ್ಗುಲು, ಮತ್ತೆ ಅಂಗಾತ, ಕೊನೆಗೆ ಮತ್ತೆ ಕೂರಿಸುವುದು. ಅದರಲ್ಲಿ ಕಾಲಿಗೆ ಎಣ್ಣೆ ಹಾಕುವಾಗ ಪಾದದಿಂದ ಸೊಂಟದವರೆಗೆ ಒಂದೇ ಉದ್ದದ ನೀವುವಿಕೆ. ಕಲಿತವರ ಕೈ ಆ ದಾರಿಯಲ್ಲಿ ತಾನಾಗಿ ಹೋಗುತ್ತದೆ. ನಿಮಗೆ ಭುಜನೋವು ಎಂದು ಅವರು ಕಾಲನ್ನು ಬಿಡುವುದಿಲ್ಲ, ಯಾಕೆಂದರೆ ನೀವು ತೆಗೆದುಕೊಂಡದ್ದು ‘ಇಡೀ ಮೈ’ ಅಭ್ಯಂಗ. ಹಾಗಾಗಿ ಕೈ ತೊಡೆಗೆ ಬಂದ ಕ್ಷಣದಲ್ಲಿ ಹೇಳಬೇಕೆಂದು ಕಾಯುವುದಕ್ಕಿಂತ, ಎಣ್ಣೆ ಬಟ್ಟಲು ಕೈಗೆ ತೆಗೆದುಕೊಳ್ಳುವ ಮೊದಲೇ ದಾರಿಯನ್ನು ಬದಲಿಸಿ ಕೊಡಬೇಕು.

ಹೇಳುವಾಗ ಅಳತೆ ಕೊಡಿ. ‘ತೊಡೆಗೆ ತುಂಬಾ ಮೇಲೆ ಬೇಡ’ ಎಂದರೆ ಅವರ ‘ಮೇಲೆ’ ಬೇರೆ, ನಿಮ್ಮದು ಬೇರೆ. ನಿಮ್ಮ ಕೈಯನ್ನೇ ಮೊಣಕಾಲ ಚಿಪ್ಪಿನ ಮೇಲೆ ಇಟ್ಟು, ಹೆಬ್ಬೆರಳು-ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿ: ‘ಕಾಲಿಗೆ ಇಲ್ಲಿವರೆಗೆ ಮಾತ್ರ ಸಾಕು. ಒಳತೊಡೆ ಬೇಡ. ಆ ಸಮಯ ಭುಜಕ್ಕೆ ಹಾಕಿ.’ ಈ ಕೊನೆಯ ವಾಕ್ಯವನ್ನು ಬಿಡಬೇಡಿ. ‘ಬೇಡ’ ಎನ್ನುವುದರ ಜೊತೆ ‘ಇದು ಬೇಕು’ ಎಂದೂ ಸೇರಿಸಿದರೆ, ಮಾಡುವವರಿಗೆ ತಮ್ಮ ಕೆಲಸವನ್ನು ತಳ್ಳಿಹಾಕಿದಂತೆ ಅನ್ನಿಸುವುದಿಲ್ಲ, ಕೆಲಸ ಹೇಳಿಕೊಟ್ಟಂತೆ ಆಗುತ್ತದೆ. ‘ಮನಸ್ಸಿಟ್ಟು ಮಾಡದೇ ಹೋದರೆ’ ಎಂಬ ನಿಮ್ಮ ಭಯಕ್ಕೂ ಇದೇ ಉತ್ತರ. 60 ನಿಮಿಷದಲ್ಲಿ ಕಾಲಿಗೆ ಹೋಗುವ ಹತ್ತು-ಹದಿನೈದು ನಿಮಿಷ ಭುಜಕ್ಕೆ, ಹೆಗಲ ಮೂಳೆಯ ಸುತ್ತ ಸಿಕ್ಕರೆ ನಿಮಗೆ ಲಾಭವೇ. ಇಷ್ಟು ಹೇಳಿದ್ದಕ್ಕೆ ಮುಖ ಸಿಂಡರಿಸುವವರಾದರೆ ಅವರ ಕೈಗೆ ನಿಮ್ಮ ನೋವಿನ ಭುಜವನ್ನು ಒಪ್ಪಿಸದಿರುವುದೇ ಸರಿ.

ಯಾವ ಜಾಗಕ್ಕೆ ಕಾರಣವಿರುತ್ತದೆ, ಯಾವುದಕ್ಕಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಸೊಂಟನೋವು, ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಪೃಷ್ಠದ ಸ್ನಾಯುವಿನ ಮೇಲೆ ಒತ್ತುವುದಕ್ಕೆ ನಿಜವಾದ ಕಾರಣವಿದೆ. ಆದರೂ ಮೊದಲು ಕೇಳಬೇಕು, ಬಟ್ಟೆಯ ಮೇಲಿನಿಂದಲೇ ಮಾಡಬಹುದು. ಭುಜದ ನೋವಿಗೆ ಕಾಲರ್ ಮೂಳೆಯ ಕೆಳಗೆ, ಕಂಕುಳ ಮುಂಭಾಗದ ಎದೆಸ್ನಾಯುವಿಗೆ ಎರಡು-ಮೂರು ಬೆರಳಲ್ಲಿ ಒತ್ತುವುದಕ್ಕೂ ಕಾರಣವಿದೆ, ಕೈ ಮೇಲೆತ್ತಿ ಹಣ್ಣು ಕೊಯ್ದವರಿಗೆ ಅಲ್ಲಿ ಬಿಗಿತ ಇದ್ದೇ ಇರುತ್ತದೆ. ಅದು ಬೇಕೋ ಬೇಡವೋ ನೀವು ಹೇಳಿ. ಸ್ತನಕ್ಕೆ, ತೊಡೆಸಂದಿಗೆ, ಜನನಾಂಗದ ಹತ್ತಿರಕ್ಕೆ ಕೈ ಹೋಗಲು ಭುಜನೋವಿನ ಚಿಕಿತ್ಸೆಯಲ್ಲಿ ಯಾವ ಕಾರಣವೂ ಇಲ್ಲ. ‘ಇಡೀ ಮೈ ಅಂದರೆ ಇಡೀ ಮೈ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಟ್ಟೆಯೂ ನಿಮ್ಮಿಷ್ಟ, ಬೇಡವೆಂದರೆ ಅಭ್ಯಂಗ ಕೆಡುವುದಿಲ್ಲ.

ಬಟ್ಟೆಯ ಮಾತು ಬುಕಿಂಗ್ ಫೋನ್‌ನಲ್ಲೇ ಮುಗಿಸಿಕೊಳ್ಳಿ. ಎದುರಿಗೆ ನಿಂತು ಕೇಳುವುದಕ್ಕಿಂತ ಫೋನ್‌ನಲ್ಲಿ ಕೇಳುವಾಗ ನಾಚಿಕೆ ಕಡಿಮೆ. ‘ಮಾಡುವವರು ಹೆಂಗಸರೇನಾ, ಒಬ್ಬರಾ ಇಬ್ಬರಾ? ಒಳಉಡುಪು ಹಾಕಿಕೊಂಡೇ ಇರಬಹುದಾ? ನನ್ನ ಜೊತೆ ಅಕ್ಕನೋ ಮಗಳೋ ಕೋಣೆಯಲ್ಲಿ ಕೂರಬಹುದಾ?’ ಇಷ್ಟೇ. ಇಬ್ಬರಾ ಎಂದು ಕೇಳುವುದಕ್ಕೆ ಕಾರಣ, ಕೇರಳ ಪದ್ಧತಿಯಲ್ಲಿ ಎರಡೂ ಕಡೆ ಇಬ್ಬರು ನಿಂತು ನಾಲ್ಕು ಕೈಯಲ್ಲಿ ಮಾಡುವುದುಂಟು. ಗೊತ್ತಿಲ್ಲದೆ ಎರಡನೆಯವರು ಒಳಗೆ ಬಂದರೆ ಗಾಬರಿಯಾಗುತ್ತದೆ. ಆಯುರ್ವೇದ ಕೇಂದ್ರಗಳಲ್ಲಿ ಹೆಂಗಸರಿಗೆ ಹೆಂಗಸರೇ ಮಾಡುವುದು ಸಾಮಾನ್ಯ ರೂಢಿ. ರೆಸಾರ್ಟ್ ಸ್ಪಾಗಳಲ್ಲಿ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ, ಕೇಳಿಯೇ ತಿಳಿದುಕೊಳ್ಳಿ. ಗಂಡಸು ಮಾಡುತ್ತಾರೆಂದರೆ ‘ನನಗೆ ಹೆಂಗಸರೇ ಬೇಕು’ ಎಂಬ ಒಂದೇ ವಾಕ್ಯ ಸಾಕು, ಕಾರಣ ಸೇರಿಸಬೇಕಿಲ್ಲ. ಕಾರಣ ಹೇಳಲು ಹೋದರೆ ಆ ಕಾರಣಕ್ಕೆ ಅವರು ಸಮಾಧಾನ ಹೇಳಲು ಶುರುಮಾಡುತ್ತಾರೆ.

ಚಿಕಿತ್ಸಾ ಕೇಂದ್ರವಾದರೆ ವೈದ್ಯರು ಮೊದಲು ನೋಡುತ್ತಾರಾ ಎಂದೂ ಕೇಳಿ. ಬಿಎಎಂಎಸ್ (ಆಯುರ್ವೇದ ಪದವಿ) ವೈದ್ಯರಿದ್ದರೆ ಅವರ ನೋಂದಣಿ, ಕ್ಲಿನಿಕ್‌ನ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ) ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. 7 ದಿನದ ಚಿಕಿತ್ಸೆಯನ್ನು ರಿಸೆಪ್ಷನ್‌ನವರು ತಾವೇ ಬರೆದುಕೊಟ್ಟಿದ್ದರೆ ಮತ್ತೊಮ್ಮೆ ಯೋಚಿಸಿ.

ಅಭ್ಯಂಗಕ್ಕೆ ಕೇಂದ್ರದವರು ಕೌಪೀನದಂಥ ಒಂದು ತೆಳು ಪಟ್ಟಿ ಕೊಡುತ್ತಾರೆ. ಅದು ಬೇಡವಾದರೆ ನಿಮ್ಮ ಹಳೆಯ ಹತ್ತಿಯ ಒಳಉಡುಪು, ಒಂದು ಹಳೆಯ ಲುಂಗಿ ಅಥವಾ ಪಂಚೆ ತೆಗೆದುಕೊಂಡು ಹೋಗಿ. ಹಳೆಯದೇ ಇರಲಿ, ಔಷಧಿ ಎಣ್ಣೆಯ ಕಲೆ ಏನು ಮಾಡಿದರೂ ಹೋಗುವುದಿಲ್ಲ. ಬಟ್ಟೆ ಬದಲಿಸುವಾಗ ಅವರು ಕೋಣೆಯಿಂದ ಹೊರಗೆ ಹೋಗಬೇಕು. ಹೋಗದೆ ನಿಂತರೆ, ಅವರಿಗೆ ದಿನಕ್ಕೆ ಐದಾರು ಜನರನ್ನು ನೋಡಿ ಅಭ್ಯಾಸವಾಗಿರುತ್ತದೆ ಅಷ್ಟೇ, ‘ಐದು ನಿಮಿಷ ಹೊರಗಿರಿ, ಕರೀತೀನಿ’ ಎನ್ನಿ.

ಹೊದಿಕೆಯನ್ನು ಹೇಗೆ ಬಳಸುತ್ತಾರೆ ಎನ್ನುವುದರಲ್ಲೇ ಕಲಿತ ಕೈ ಯಾವುದು ಎಂದು ತಿಳಿಯುತ್ತದೆ. ಸರಿಯಾಗಿ ಮಾಡುವವರು ಇಡೀ ಮೈಯನ್ನು ಒಂದು ದೊಡ್ಡ ಟವೆಲ್‌ನಿಂದ ಮುಚ್ಚಿ, ಎಡಗಾಲಿಗೆ ಎಣ್ಣೆ ಹಾಕುವಾಗ ಎಡಗಾಲನ್ನಷ್ಟೇ ತೆರೆದು, ಟವೆಲ್‌ನ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿ, ಮುಗಿದ ಮೇಲೆ ಮುಚ್ಚಿ, ಆಮೇಲೆ ಬಲಗಾಲು ತೆರೆಯುತ್ತಾರೆ. ಹಾಗೆ ಸಿಕ್ಕಿಸಿದ ಅಂಚೇ ಗಡಿ: ಕೈ ಅದರ ಕೆಳಗೆ ಹೋಗಕೂಡದು. ಮಗ್ಗುಲು ಬದಲಿಸುವಾಗ ಟವೆಲ್ಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಮುಖ ತಿರುಗಿಸಿ, ‘ತಿರುಗಿ’ ಅನ್ನುತ್ತಾರೆ. ನಿಮ್ಮ ಕೇಂದ್ರದಲ್ಲಿ ಈ ಪದ್ಧತಿ ಇಲ್ಲದಿದ್ದರೆ ಕೇಳಿ ಪಡೆಯಿರಿ: ‘ಮಾಡದೇ ಇರೋ ಭಾಗ ಮುಚ್ಚಿಡಿ, ನನಗೆ ಚಳಿ ಆಗುತ್ತೆ.’ ಕೊಡಗಿನ ಮಳೆಗಾಲದಲ್ಲಿ ಇದು ಬರೀ ನೆಪವಲ್ಲ. ಕಕ್ಕಡದ ತಣ್ಣನೆಯ ಕೋಣೆಯಲ್ಲಿ ಮೈಮೇಲಿನ ಎಣ್ಣೆ ಬೇಗ ಆರುತ್ತದೆ, ಮೈ ನಡುಗಿದರೆ ಸ್ನಾಯು ಬಿಗಿಯುತ್ತದೆ, ಒತ್ತಿದ್ದೆಲ್ಲ ವ್ಯರ್ಥ. ಎಣ್ಣೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಳ್ಳಲು, ಕೋಣೆಗೆ ಹೀಟರ್ ಹಾಕಲು ಹೇಳುವುದಕ್ಕೆ ಸಂಕೋಚ ಬೇಡ. ಇಂಥ ಚಿಕ್ಕ ಬೇಡಿಕೆಯನ್ನು ಮೊದಲು ಬಾಯಿಬಿಟ್ಟು ಹೇಳಿದರೆ ದೊಡ್ಡದನ್ನು ಹೇಳಲು ನಾಲಿಗೆ ಸಡಿಲವಾಗುತ್ತದೆ.

ಒತ್ತಡದ ವಿಷಯಕ್ಕೆ ಬರೋಣ, ನಿಮಗೆ ಪೆಟ್ಟಾದದ್ದು ಅಲ್ಲೇ. ‘ಜೋರು’, ‘ಮೆಲ್ಲಗೆ’ ಎನ್ನುವುದಕ್ಕಿಂತ ಅಂಕಿ ಒಳ್ಳೆಯದು. ಸೊನ್ನೆ ಎಂದರೆ ಬರೀ ಸವರುವುದು, ಹತ್ತು ಎಂದರೆ ಕೂಗಿಕೊಳ್ಳುವಷ್ಟು. ಎಣ್ಣೆ ಅಭ್ಯಂಗಕ್ಕೆ ನಾಲ್ಕರಿಂದ ಐದು ಸಾಕು. ಗಂಟು ಕಟ್ಟಿದ ಜಾಗದಲ್ಲಿ ಆರು, ಹೆಚ್ಚೆಂದರೆ ಏಳು: ‘ನೋವು, ಆದರೆ ಹಿತ’ ಅನ್ನಿಸುವ ಮಟ್ಟ. ಅಲ್ಲಿಂದ ಮೇಲೆ ಹೋದರೆ ನಿಮ್ಮ ಮೈಯೇ ಹೇಳುತ್ತದೆ: ಉಸಿರು ಕಟ್ಟುತ್ತದೆ, ಕಾಲ್ಬೆರಳು ಮುದುಡುತ್ತವೆ, ಮುಷ್ಟಿ ಬಿಗಿಯುತ್ತದೆ, ಹಲ್ಲು ಕಚ್ಚುತ್ತೀರಿ. ಈ ನಾಲ್ಕರಲ್ಲಿ ಒಂದಾದರೂ ಕಂಡರೆ ಕಾಯದೆ ‘ಕಮ್ಮಿ’ ಅನ್ನಿ. ಸಹಿಸಿಕೊಂಡರೆ ಗುಣ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದು ತಪ್ಪು. ನೋವಾದಾಗ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಬಿಗಿಯುತ್ತದೆ. ಬಿಗಿದ ಸ್ನಾಯುವನ್ನು ಸಡಿಲಿಸಲೆಂದು ಇನ್ನೂ ಒತ್ತುತ್ತಾರೆ, ಅದು ಇನ್ನೂ ಬಿಗಿಯುತ್ತದೆ. ಮರುದಿನ ಎದ್ದಾಗ ನಾರುಗಳಿಗೆ ಪೆಟ್ಟಾಗಿ ಕೈ ಮೇಲೇಳುವುದಿಲ್ಲ. ನಿಮಗೂ ಹೀಗೇ ಆಗಿರುವ ಸಾಧ್ಯತೆ ಹೆಚ್ಚು.

ನೋವಿನಲ್ಲೂ ಎರಡು ಬಗೆ. ಮಂದವಾಗಿ, ಒತ್ತಿದ ಜಾಗದಲ್ಲೇ ಇರುವ ನೋವು ಸ್ನಾಯುವಿನದು. ಅದಕ್ಕೆ ‘ಕಮ್ಮಿ’ ಸಾಕು. ಚುರ್ ಎಂದು ಕರೆಂಟ್ ಹೊಡೆದಂತೆ ಕೈಬೆರಳಿಗೆ ಇಳಿದರೆ, ಜುಮ್ಮೆಂದರೆ, ಮರಗಟ್ಟಿದರೆ ಅದು ನರ. ಆಗ ‘ಕಮ್ಮಿ’ ಅಲ್ಲ, ‘ನಿಲ್ಸಿ, ಬೆರಳು ಜುಮ್ ಅಂತಿದೆ’. ಕತ್ತಿನ ಪಕ್ಕದಲ್ಲಿ, ಕಂಕುಳಲ್ಲಿ ಆಳವಾಗಿ ಒತ್ತಿದರೆ ಹೀಗಾಗುತ್ತದೆ. ಕತ್ತಿನ ಮುಂಭಾಗ ಮತ್ತು ಪಕ್ಕ, ಮೊಣಕಾಲ ಹಿಂದಿನ ಗುಳಿ, ಇಲ್ಲಿ ರಕ್ತನಾಳ ಮತ್ತು ನರ ಚರ್ಮದ ಹತ್ತಿರವೇ ಇವೆ. ಯಾರೂ ಹೆಬ್ಬೆರಳು ಊರಬಾರದು. ಕುತ್ತಿಗೆಯನ್ನು ಹಿಡಿದು ಲಟಕ್ ಎಂದು ತಿರುಗಿಸುವುದಂತೂ ಬೇಡವೇ ಬೇಡ. ಕ್ಷೌರದ ಅಂಗಡಿಯಲ್ಲೂ ಗಂಡಸರಿಗೆ ಪುಕ್ಕಟೆಯಾಗಿ ಮಾಡುತ್ತಾರೆ, ನಿಮ್ಮ ಮನೆಯವರಿಗೂ ಹೇಳಿ. ಅಪರೂಪಕ್ಕಾದರೂ ಅದರಿಂದ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುತ್ತದೆ. ‘ಕುತ್ತಿಗೆ ತಿರುಗಿಸಬೇಡಿ’ ಎಂಬುದನ್ನು ಶುರುವಿನಲ್ಲೇ ಹೇಳಿ.

ಮಸಾಜ್‌ಗೆ ಮೊದಲು ನೋವಿನ ಮಾತ್ರೆ ನುಂಗಬೇಡಿ, ಮದ್ಯ ತೆಗೆದುಕೊಂಡು ಹೋಗಬೇಡಿ. ನೋವು ಗೊತ್ತಾಗದಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ನಿಮಗೂ ತಿಳಿಯದು, ಅವರಿಗೂ ತಿಳಿಯದು.

ಮಲಗುವ ಭಂಗಿಯೂ ನೀವು ಹೇಳಬೇಕಾದದ್ದೇ. ಸ್ಪಾ ಮೇಜಿಗೆ ಮುಖ ಇಡಲು ತೂತಿರುತ್ತದೆ. ಆಯುರ್ವೇದದ ದ್ರೋಣಿಗೆ, ಅಂದರೆ ಎಣ್ಣೆ ಹಾಕಲು ಮಲಗಿಸುವ ಮರದ ಮೇಜಿಗೆ, ಸಾಮಾನ್ಯವಾಗಿ ಇರುವುದಿಲ್ಲ. ಬೋರಲು ಮಲಗಿದರೆ ಕುತ್ತಿಗೆ ಒಂದೇ ಕಡೆ ತಿರುಗಿ ಇಪ್ಪತ್ತು ನಿಮಿಷ ಇರುತ್ತದೆ, ಕುತ್ತಿಗೆ ನೋವಿದ್ದವರಿಗೆ ಇದೇ ಹೊಸ ನೋವು. ಮಡಿಸಿದ ಟವೆಲ್ಲನ್ನು ಎದೆಯ ಮೇಲ್ಭಾಗದ ಕೆಳಗೆ, ಇನ್ನೊಂದನ್ನು ಹಣೆಯ ಕೆಳಗೆ ಇಡಲು ಹೇಳಿ, ಮುಖ ನೆಟ್ಟಗೆ ಕೆಳಗಿರುತ್ತದೆ. ಎದೆ ಒತ್ತಿ ಹಿಂಸೆಯಾದರೂ ಅದೇ ಉಪಾಯ. ಇಲ್ಲವೇ ಬಲಭುಜವನ್ನು ಎಡಮಗ್ಗುಲಿಗೆ ಮಲಗಿಯೋ, ಸ್ಟೂಲ್ ಮೇಲೆ ಕೂತೋ ಮಾಡಿಸಿಕೊಳ್ಳಿ. ದ್ರೋಣಿಯಿಂದ ಇಳಿಯುವಾಗ ಕೈ ಕೊಡಲು ಹೇಳಿ. ಎಣ್ಣೆಯ ಪಾದದಲ್ಲಿ ಟೈಲ್ಸ್ ಮೇಲೆ ಜಾರಿ ಬೀಳುವುದು ಇಂಥ ಕಡೆ ಸುಲಭವಾಗಿ ಆಗುವ ಅಪಘಾತ.

ಶಾಖದಲ್ಲಿ ‘ಪರವಾಗಿಲ್ಲ’ ಇನ್ನೂ ಅಪಾಯ. ಕಿಳಿ, ಅಂದರೆ ಔಷಧಿ ಎಲೆ ಅಥವಾ ಪುಡಿಯ ಬಿಸಿ ಗಂಟನ್ನು ಪ್ರತಿ ಸಲ ಕಾವಲಿಯಿಂದ ಎತ್ತಿದಾಗ ಅವರು ತಮ್ಮ ಅಂಗೈಗೆ ತಾಗಿಸಿ ನೋಡಬೇಕು, ಆಮೇಲೆ ನಿಮ್ಮ ಕೈಗೆ ತಾಗಿಸಿ ಕೇಳಬೇಕು. ದಿನವೂ ಬಿಸಿ ಮುಟ್ಟಿ ಅವರ ಅಂಗೈ ಜಡ್ಡುಗಟ್ಟಿರುತ್ತದೆ, ಅವರಿಗೆ ಹಿತವಾದ ಬಿಸಿ ನಿಮ್ಮ ಬೆನ್ನಿಗೆ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾಗಿದ್ದರೆ ಪಾದಕ್ಕೆ ಶಾಖವೇ ಬೇಡ ಎನ್ನಿ. ಹಬೆ ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಸಾಕು. ಒಳಗಿನಿಂದ ಬಾಗಿಲು ತೆಗೆಯಬಹುದೇ ಎಂದು ಕೂರುವ ಮೊದಲು ನೀವೇ ತೆಗೆದು ನೋಡಿ, ಅವರು ಕೋಣೆಯಲ್ಲೇ ಇರಲಿ.

ಮೈಯ ಸ್ಥಿತಿ ಹೇಳುವಾಗ ಯಾವುದನ್ನು ಮುಚ್ಚಿಡಬಾರದು? ಗರ್ಭಿಣಿಯೋ, ಅಥವಾ ಇರಬಹುದೋ. ರಕ್ತ ತೆಳುವಾಗಲು ಮಾತ್ರೆ. ಬಿಪಿ, ಸಕ್ಕರೆ. ಕಳೆದ ಕೆಲವು ತಿಂಗಳಲ್ಲಿ ಆದ ಆಪರೇಷನ್, ಒಳಗಿರುವ ರಾಡ್. ಜ್ವರ. ಉಬ್ಬಿದ ರಕ್ತನಾಳ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮಸಾಜ್ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಒತ್ತಿದಾಗ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಮಳೆಗಾಲದಲ್ಲಿ ತೋಟಕ್ಕೆ ಇಳಿದವರು ಜಿಗಣೆ ಕಚ್ಚಿದ ಗಾಯಗಳನ್ನೂ ಬೆರಳಿಟ್ಟು ತೋರಿಸಿ, ಅದರ ಮೇಲೆ ಉಜ್ಜಿದರೆ ಕೀವಾಗುತ್ತದೆ. ಎಣ್ಣೆಯ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಕ್ಷೀರಬಲ, ಧಾನ್ವಂತರ ಎರಡಕ್ಕೂ ಎಳ್ಳೆಣ್ಣೆಯೇ ಆಧಾರ, ಎಳ್ಳಿನ ಅಲರ್ಜಿ ಇದ್ದವರು ಹೇಳಲೇಬೇಕು. ಕರ್ಪೂರಾದಿಯ ಘಾಟು ಕೆಲವು ಉಬ್ಬಸದವರಿಗೆ ಆಗುವುದಿಲ್ಲ. ಹಿಂದಿನ ದಿನ ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ 24 ಗಂಟೆ ನೋಡಿದರೆ ಚರ್ಮದ ಮಟ್ಟಿಗೆ ಧೈರ್ಯ ಬರುತ್ತದೆ. ಕೊಡಗಿನ ರೂಢಿಯಂತೆ ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ತಿಂದು ಮರುದಿನ ಮೂತ್ರ ಕೆಂಪಾದರೆ ಚಿಕಿತ್ಸೆಯ ಮೇಲೆ ಅನುಮಾನ ಪಡಬೇಡಿ, ಅದು ಸೊಪ್ಪಿನ ಬಣ್ಣ.

ಹೇಳಬೇಕಾಗಿಲ್ಲದ್ದೂ ಇದೆ, ಕೊಡಗಿನಲ್ಲಿ ಇದು ಮುಖ್ಯ. ಇಲ್ಲಿ ಯಾರನ್ನು ಕಂಡರೂ ಮೊದಲ ಪ್ರಶ್ನೆ ‘ಯಾರ ಮನೆಯವರು?’. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮೇಜಿನ ಮೇಲೆ ಅರೆಬಟ್ಟೆಯಲ್ಲಿ ಮಲಗಿದಾಗ ಮನೆ ಹೆಸರು, ಗಂಡನ ಕೆಲಸ, ಮಕ್ಕಳೆಷ್ಟು, ಗರ್ಭಕೋಶ ತೆಗೆಸಿದ್ದು ಯಾಕೆ ಎಂದೆಲ್ಲ ಬಂದರೆ ಮನಸ್ಸು ಹಿಂಡಿದಂತಾಗುತ್ತದೆ. ನಾಳೆ ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಮಾತು ಎದುರಾಗಬಹುದೆಂಬ ಅಳುಕು. ‘ಅಕ್ಕ, ನಾನು ಕಣ್ಮುಚ್ಚಿ ಸುಮ್ನೆ ಮಲಗ್ತೀನಿ, ಮಾತು ಬೇಡ’ ಎಂದರೆ ಒರಟಾಗುವುದಿಲ್ಲ, ವಿಶ್ರಾಂತಿಗೇ ಅಲ್ಲವೇ ಹೋಗಿರುವುದು. ಕಾಯಿಲೆಯ ಮಾಹಿತಿ ಕೊಡುವಾಗ ‘ಇದು ಇಲ್ಲೇ ಇರಲಿ’ ಎಂದು ವೈದ್ಯರಿಗೂ ಥೆರಪಿಸ್ಟ್‌ಗೂ ಹೇಳಿಬಿಡಿ. ಅವರ ಮೊಬೈಲ್ ಕೋಣೆಯ ಹೊರಗಿರಲಿ. ಇದನ್ನು ಬೇಡಿಕೆಯಾಗಿ ಅಲ್ಲ, ಷರತ್ತಾಗಿಯೇ ಹೇಳಿ.

ಭಾಷೆ ತಡೆಯಾದರೆ ಮಲಯಾಳದ ನಾಲ್ಕು ಮಾತು ಸಾಕು, ನೀವಿರುವ ಕಡೆ ಅರ್ಧ ಊರಿಗೇ ಅದು ಬರುತ್ತದೆ. ‘ಚೇಚಿ, ಕುರಚ್ಚ್ ಪತುಕ್ಕೆ’ ಎಂದರೆ ಅಕ್ಕ, ಸ್ವಲ್ಪ ಮೆಲ್ಲಗೆ. ‘ಇವಿಡೆ ವೇಂಡ’ ಎಂದರೆ ಇಲ್ಲಿ ಬೇಡ. ‘ಮತಿ’ ಎಂದರೆ ಸಾಕು. ‘ವೇದನ’ ನಮಗೂ ಗೊತ್ತಿರುವ ಪದ. ಈಶಾನ್ಯ ರಾಜ್ಯದ ಹುಡುಗಿಯರಾದರೆ ಕೈಸನ್ನೆ ಮಾಡಿಕೊಳ್ಳಿ: ಒಂದು ಸಲ ಮೇಜು ತಟ್ಟಿದರೆ ಕಮ್ಮಿ, ಅಂಗೈ ಎತ್ತಿದರೆ ನಿಲ್ಲಿಸು. ಶುರುವಾಗುವ ಮೊದಲು ಒಮ್ಮೆ ಮಾಡಿ ತೋರಿಸಿ.

ಮೇಜಿನ ಮೇಲೆ ನಿಮ್ಮ ಮೈ ತೋರಿಸುವ ಕೆಲವು ಸಂಗತಿಗೆ ನಾಚಬೇಕಿಲ್ಲ. ನಿದ್ದೆ ಬರುವುದು, ಹೊಟ್ಟೆ ಗುರುಗುಟ್ಟುವುದು, ವಾಯು ಹೋಗುವುದು, ಇದ್ದಕ್ಕಿದ್ದಂತೆ ಕಣ್ಣಲ್ಲಿ ನೀರು ಬರುವುದು, ಎಲ್ಲವನ್ನೂ ಅವರು ದಿನವೂ ಕಾಣುತ್ತಾರೆ. ಗಡಿ ಅವರಿಗೂ ಇದೆ. ಮಾಡುವ ಹೆಣ್ಣುಮಕ್ಕಳನ್ನು ಗಂಡಸರು ‘ಬೇರೆ’ ಏನಾದರೂ ಕೇಳಿದರೆ, ಕೈ ಹಿಡಿದರೆ, ಆ ಕ್ಷಣವೇ ನಿಲ್ಲಿಸಿ ಹೊರಬರುವ ಹಕ್ಕು ಅವರದು.

ಮನೆಗೇ ಬಂದು ಬಾಣಂತಿಗೆ ಎಣ್ಣೆ ತಿಕ್ಕುವ ಹಿರಿಯರ ಮುಂದೆ ಬೇಡ ಎನ್ನುವುದು ಇನ್ನೂ ಕಷ್ಟ, ಅವರ ಕೈಯಲ್ಲೇ ಮನೆಯ ಎರಡು ತಲೆಮಾರು ಬೆಳೆದಿರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಸಂದರ್ಭ ಬಂದರೆ, ಸಿಸೇರಿಯನ್ ಆದವರ ಹೊಟ್ಟೆಯನ್ನು ಡಾಕ್ಟರು ಒಪ್ಪುವವರೆಗೆ ಒತ್ತುವಂತಿಲ್ಲ. ಬಾಣಂತಿಯ ಬಾಯಲ್ಲಿ ಹೇಳಿಸದೆ ಅತ್ತೆಯೋ ತಾಯಿಯೋ ಮುಂದೆ ನಿಂತು ‘ಅಜ್ಜಿ, ಹೊಲಿಗೆ ಇದೆ, ಹೊಟ್ಟೆ ಬಿಟ್ಟು ಮಾಡಿ’ ಎನ್ನಲಿ.

ನಿಮ್ಮ ವಿಷಯದಲ್ಲಿ ನಡೆದದ್ದು ಅಭ್ಯಾಸದ ಕೈ ಇರಬಹುದು. ಆದರೆ ಒಮ್ಮೆ ಹೇಳಿದ ಮೇಲೂ ಕೈ ಮತ್ತೆ ಅಲ್ಲಿಗೇ ಬಂದರೆ, ಹೊದಿಕೆಯ ಕೆಳಗೆ ಹೋದರೆ, ಮೈಯ ಬಗ್ಗೆ ಮಾತಾಡಿದರೆ, ಅವರ ಮೈಯನ್ನು ನಿಮ್ಮ ಮೈಗೆ ತಾಗಿಸಿ ನಿಂತರೆ, ಅದು ಮರೆವಲ್ಲ. ಎದ್ದು ಕೂತುಕೊಳ್ಳಿ, ಟವೆಲ್ ಎಳೆದುಕೊಳ್ಳಿ, ‘ಇವತ್ತಿಗೆ ಸಾಕು. ಹೊರಗೆ ಹೋಗಿ, ಬಟ್ಟೆ ಹಾಕ್ಕೋಬೇಕು’ ಎನ್ನಿ. ವಿವರಣೆ ಕೊಡುವ ಅಗತ್ಯವಿಲ್ಲ, ಪೂರ್ತಿ ಹಣ ಕೊಟ್ಟಿದ್ದೇನೆಂದು ಉಳಿದ ಅರ್ಧ ಗಂಟೆ ಮುಗಿಸಬೇಕಿಲ್ಲ. ಆ ಹೊತ್ತಿನಲ್ಲಿ ಮಾತೇ ಹೊರಡದೆ ಮೈ ಕಲ್ಲಾಗಿಬಿಡುವುದುಂಟು. ಭಯದಲ್ಲಿ ಮೈ ಹಾಗೆಯೇ ವರ್ತಿಸುತ್ತದೆ, ಅದು ಒಪ್ಪಿಗೆಯಲ್ಲ. ಆಮೇಲೆ ದೂರು ಕೊಡಲು ಅದು ಅಡ್ಡಿಯೂ ಅಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಆ ಜಾಗದಲ್ಲಿ ಕೆಲಸ ಮಾಡುವವರಷ್ಟೇ ಅಲ್ಲ, ಅಲ್ಲಿಗೆ ಬಂದ ಗ್ರಾಹಕಿಯೂ ದೂರು ಕೊಡಬಹುದು: ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಅಲ್ಲಿನ ಆಂತರಿಕ ಸಮಿತಿಗೆ, ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ, 3 ತಿಂಗಳೊಳಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 74 ಇಂಥ ಕೃತ್ಯಕ್ಕೆ, 75 ಗಂಡಸು ಮಾಡುವ ಲೈಂಗಿಕ ಕಿರುಕುಳಕ್ಕೆ, 77 ಹೆಣ್ಣನ್ನು ಕದ್ದು ನೋಡುವ, ಚಿತ್ರ ತೆಗೆಯುವ ಅಪರಾಧಕ್ಕೆ. ತಕ್ಷಣಕ್ಕೆ 112, ಮಹಿಳಾ ಸಹಾಯವಾಣಿ 181. ಅದೇ ದಿನ ನಡೆದದ್ದನ್ನು ಗಂಟೆ ಸಮೇತ ಬರೆದಿಟ್ಟುಕೊಳ್ಳಿ, ರಸೀದಿ ಎಸೆಯಬೇಡಿ.

ನಿಮ್ಮ 7 ದಿನಕ್ಕೆ ಹಿಂತಿರುಗೋಣ. ಒಂದೇ ದಿನದ ಮಸಾಜ್‌ಗಿಂತ ಇದರಲ್ಲಿ ಒಂದು ಅನುಕೂಲವಿದೆ, ಮೊದಲ ದಿನ ತಪ್ಪಿದ್ದನ್ನು ಎರಡನೆಯ ದಿನ ತಿದ್ದಬಹುದು. ಮೊದಲ ದಿನ ಒತ್ತಡ ನಾಲ್ಕಕ್ಕೆ ನಿಲ್ಲಿಸಿ. ಮರುದಿನ ಬೆಳಿಗ್ಗೆ ಎದ್ದು ಕೈಯನ್ನು ಎಷ್ಟು ಎತ್ತಲು ಆಗುತ್ತದೆ ನೋಡಿಕೊಳ್ಳಿ, ಅದನ್ನೇ ಹೋಗಿ ಹೇಳಿ: ‘ನಿನ್ನೆ ಹೆಗಲ ಮೂಳೆ ಹತ್ತಿರ ಮಾಡಿದ್ದು ತುಂಬಾ ಹಿತವಾಯ್ತು. ತೋಳಿಗೆ ಒತ್ತಿದ್ದು ರಾತ್ರಿ ನೋಯ್ತು, ಇವತ್ತು ಅಲ್ಲಿ ಬರೀ ಎಣ್ಣೆ ಸವರಿ.’ ಕೆಲಸ ಫಲಿಸಿದ್ದನ್ನು ಕೇಳಿದರೆ ಅವರಿಗೂ ಖುಷಿ. ಮಸಾಜ್ ಮಾಡಿದವರೇ ಮರುದಿನ ಸಿಗುವಂತೆ ಕೇಂದ್ರಕ್ಕೆ ಹೇಳಿ, ಇಲ್ಲದಿದ್ದರೆ ದಿನವೂ ಮೊದಲಿನಿಂದ ಹೇಳಬೇಕಾಗುತ್ತದೆ.

ಬಾಯಿ ಬರುವುದಿಲ್ಲ ಎಂದು ಈಗಲೂ ಅನ್ನಿಸಿದರೆ ಒಂದು ಚೀಟಿ ಬರೆದು ಮೊದಲ ದಿನ ವೈದ್ಯರ ಕೈಗೆ ಕೊಡಿ, ‘ಮಾಡುವವರಿಗೂ ಓದಿ ಹೇಳಿ’ ಎನ್ನಿ. ನಿಮ್ಮದು ಹೀಗಿರಬಹುದು:

‘ಬಲಭುಜ, ಹೆಗಲ ಮೂಳೆ ಸುತ್ತ ಹೆಚ್ಚು ಸಮಯ. ಒತ್ತಡ ಹತ್ತರಲ್ಲಿ ನಾಲ್ಕು. ಕುತ್ತಿಗೆ ತಿರುಗಿಸಬಾರದು. ಕಾಲು ಮೊಣಕಾಲಿನಿಂದ ಒಂದು ಗೇಣು ಮೇಲಿನವರೆಗೆ ಮಾತ್ರ, ಒಳತೊಡೆ ಬೇಡ, ಹೊಟ್ಟೆ ಬೇಡ. ಒಳಉಡುಪು ಹಾಕಿಕೊಂಡಿರುತ್ತೇನೆ, ಟವೆಲ್ ಮುಚ್ಚಿರಲಿ. ಬೋರಲು ಮಲಗಿದಾಗ ಎದೆಯ ಕೆಳಗೆ ಮಡಿಸಿದ ಟವೆಲ್. ಎಣ್ಣೆ ಬಿಸಿ ಇರಲಿ. ನಾನು “ಮತಿ” ಅಂದರೆ ನಿಲ್ಲಿಸಿ.’